ಬೆನಾಪೋಲ್ ದಾಟಿ ಬರುವ ರೋಗಿಗಳು

ಪಶ್ಚಿಮ ಬಂಗಾಳದ ಪೆಟ್ರಾಪೋಲ್ ಗಡಿಠಾಣೆ ಕೊಲ್ಕತ್ತದಿಂದ ಸುಮಾರು 80 ಕಿಲೋಮೀಟರ್ ದೂರದಲ್ಲಿದೆ. ಗೇಟಿನಾಚೆಗೆ ಬಾಂಗ್ಲಾದೇಶದ ಬೆನಾಪೋಲ್. ಎರಡು ದೇಶಗಳ ನಡುವಿನ ಭೂಮಾರ್ಗಗಳಲ್ಲಿ ಅತ್ಯಂತ ದಟ್ಟಣೆಯದು ಇದೇ. ವರ್ಷಗಟ್ಟಲೆ ಇಲ್ಲಿ ದಾಟಿ ಬಂದ ಪ್ರಯಾಣಿಕರ ನಡುವೆ ರೋಗಿಯನ್ನು ಗುರುತಿಸುವುದು ಯಾರಿಗೂ ಕಷ್ಟವಾಗಿಲ್ಲ. ಎಕ್ಸ್‌ರೇ, ಸ್ಕ್ಯಾನ್ ಫಿಲಂಗಳನ್ನು ತುಂಬಿಕೊಂಡ ದೊಡ್ಡ ಲಕೋಟೆ, ಪ್ಲಾಸ್ಟಿಕ್ ಚೀಲದಲ್ಲಿ ಔಷಧಿ, ಪಕ್ಕದಲ್ಲಿ ಮಗನೋ ಅಳಿಯನೋ. ಗಡಿ ದಾಟಿದ ಮೇಲೆ ಆಟೊದಲ್ಲಿ ಬನಗಾಂವ್ ನಿಲ್ದಾಣ, ಅಲ್ಲಿಂದ ಲೋಕಲ್ ರೈಲಿನಲ್ಲಿ ಕೊಲ್ಕತ್ತದ ಸಿಯಾಲ್ದಾ. ಕೆಲವರ ಪ್ರಯಾಣ ಅಲ್ಲಿಗೇ ಮುಗಿಯುತ್ತದೆ. ಇನ್ನು ಕೆಲವರು ಹೌರಾದಲ್ಲಿ ಮತ್ತೊಂದು ರೈಲು ಹತ್ತಿ ವೆಲ್ಲೂರು, ಚೆನ್ನೈ, ಬೆಂಗಳೂರಿನತ್ತ ಹೊರಡುತ್ತಾರೆ.

2023ರಲ್ಲಿ ವೈದ್ಯಕೀಯ ಕಾರಣಕ್ಕಾಗಿ ಭಾರತಕ್ಕೆ ಬಂದ ಬಾಂಗ್ಲಾದೇಶೀಯರ ಸಂಖ್ಯೆ ಸುಮಾರು 4.5 ಲಕ್ಷ. ಆ ವರ್ಷ ಚಿಕಿತ್ಸೆಗೆಂದು ಬಂದ ಒಟ್ಟು ವಿದೇಶಿಯರಲ್ಲಿ ಇವರದೇ ಅರ್ಧಕ್ಕಿಂತ ಹೆಚ್ಚಿನ ಪಾಲು. ‘ವೈದ್ಯಕೀಯ ಪ್ರವಾಸ’ ಎಂದೊಡನೆ ಅಮೆರಿಕದಿಂದ ವಿಮಾನದಲ್ಲಿ ಬಂದು ಮಂಡಿಚಿಪ್ಪು ಬದಲಿಸಿಕೊಂಡು, ತಾಜಮಹಲು ನೋಡಿ ಹಿಂದಿರುಗುವ ಬಿಳಿಯನ ಚಿತ್ರ ಜಾಹೀರಾತುಗಳಲ್ಲಿ ಕಾಣುತ್ತದೆ. ಲೆಕ್ಕ ಹೇಳುವ ಚಿತ್ರವೇ ಬೇರೆ. ಇಲ್ಲಿಗೆ ಬರುವ ವಿದೇಶಿ ರೋಗಿ ಹೆಚ್ಚಾಗಿ ಜಮೀನು ಮಾರಿಯೋ, ಸಾಲ ಮಾಡಿಯೋ ಬಸ್ಸು ಹತ್ತಿದ ಪಕ್ಕದೂರಿನವನು. ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿಗೆ ಹೊರದೇಶದವನೆಂದೂ ದಿಕ್ಕಿಲ್ಲದವನೆಂದೂ ಎರಡು ಅರ್ಥಗಳಿವೆ. ಎರಡೂ ಒಂದೇ ಮನುಷ್ಯನಿಗೆ ಹೊಂದುವ ಜಾಗಗಳಲ್ಲಿ ಆಸ್ಪತ್ರೆಯ ಹೊರರೋಗಿ ವಿಭಾಗವೂ ಒಂದು.

ಈ ಹಾದಿ ಗಡಿಗಿಂತ ಹಳೆಯದು. ಕಲ್ಕತ್ತಾ ಮೆಡಿಕಲ್ ಕಾಲೇಜು ಆರಂಭವಾದದ್ದು 1835ರಲ್ಲಿ. ಢಾಕಾದಲ್ಲಿ 1858ರಿಂದ ಮಿಟ್‌ಫೋರ್ಡ್ ಆಸ್ಪತ್ರೆಯೂ 1875ರಿಂದ ಅದರ ವೈದ್ಯಕೀಯ ಶಾಲೆಯೂ ಇದ್ದವು. ಆದರೆ ಅಲ್ಲಿ ಪೂರ್ಣ ಪ್ರಮಾಣದ ಮೆಡಿಕಲ್ ಕಾಲೇಜು ಬಂದದ್ದು 1946ರಲ್ಲಿ, ಕಲ್ಕತ್ತಾಕ್ಕಿಂತ 111 ವರ್ಷ ತಡವಾಗಿ. ಅಷ್ಟೂ ಕಾಲ ಪೂರ್ವ ಬಂಗಾಳದ ಜೆಸ್ಸೋರ್, ಖುಲ್ನಾ, ಬಾರಿಸಾಲ್‌ನವರಿಗೆ ದೊಡ್ಡ ಕಾಯಿಲೆ ಎಂದರೆ ಕಲ್ಕತ್ತಾ. ಧಾರವಾಡದ ಕಡೆಯವರು ಮೀರಜ್‌ಗೆ ಹೋದಂತೆ, ಅದು ಊರಿಂದ ಊರಿಗೆ ಹೋಗುವ ಮಾತಾಗಿತ್ತು. 1947ರಲ್ಲಿ ದೇಶ ಎರಡಾದರೂ ಓಡಾಟ ಒಮ್ಮೆಗೇ ನಿಲ್ಲಲಿಲ್ಲ. ಭಾರತ ಮತ್ತು ಪಾಕಿಸ್ತಾನದ ಪೂರ್ವ ಗಡಿಯಲ್ಲಿ ಪಾಸ್‌ಪೋರ್ಟ್, ವೀಸಾ ಕಡ್ಡಾಯವಾದದ್ದು 1952ರ ಅಕ್ಟೋಬರ್‌ನಲ್ಲಿ. 1965ರ ಯುದ್ಧದೊಂದಿಗೆ ರೈಲುಗಳೂ ನಿಂತವು. ಕೊಲ್ಕತ್ತ ಮತ್ತು ಢಾಕಾ ನಡುವೆ ಮತ್ತೆ ಪ್ರಯಾಣಿಕರ ರೈಲು ಓಡಿದ್ದು 2008ರ ಏಪ್ರಿಲ್ 14ರಂದು, ಬಂಗಾಳಿ ಹೊಸ ವರ್ಷದ ದಿನ, ಮೈತ್ರಿ ಎಕ್ಸ್‌ಪ್ರೆಸ್ ಹೆಸರಿನಲ್ಲಿ.

ಪೆಟ್ರಾಪೋಲ್‌ಗೆ ಹತ್ತಿರದ ಬನಗಾಂವ್ ಪಟ್ಟಣಕ್ಕೆ ವೈದ್ಯಕೀಯ ಇತಿಹಾಸದಲ್ಲೇ ಒಂದು ಸ್ಥಾನವಿದೆ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನ ನಿರಾಶ್ರಿತರಾಗಿ ಭಾರತಕ್ಕೆ ಬಂದರು. ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಆಗಿನ ಚಿಕಿತ್ಸೆ ರಕ್ತನಾಳಕ್ಕೆ ಸಲೈನ್ ಏರಿಸುವುದು. ಬನಗಾಂವ್ ಆಸ್ಪತ್ರೆಯಲ್ಲಿ ಅದರ ದಾಸ್ತಾನು ಮುಗಿಯುತ್ತ ಬಂದಿತ್ತು, ರೋಗಿಗಳು ನೆಲದ ಮೇಲೆ ಮಲಗಿದ್ದರು. ಕಲ್ಕತ್ತಾದಿಂದ ಹೋದ ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಸೋಡಾ, ಗ್ಲುಕೋಸ್ ಬೆರೆಸಿದ ನೀರನ್ನು ಬಾಯಿಯಿಂದಲೇ ಕುಡಿಸಲು ಏರ್ಪಾಡು ಮಾಡಿದರು. ಕುಡಿಸುವವರು ನರ್ಸುಗಳೇ ಆಗಬೇಕೆಂದಿರಲಿಲ್ಲ, ರೋಗಿಯ ತಾಯಿ, ಅಣ್ಣ, ತಂಗಿ ಯಾರಾದರೂ ಸರಿ. ನೂರಕ್ಕೆ ಸುಮಾರು 30ರಷ್ಟಿದ್ದ ಸಾವಿನ ಪ್ರಮಾಣ 4ಕ್ಕಿಂತ ಕೆಳಗಿಳಿಯಿತು.

ಇದರಲ್ಲಿ ಒಂದು ಸ್ವಾರಸ್ಯವಿದೆ. ಈ ದ್ರಾವಣದಿಂದ ಕಾಲರಾ ರೋಗಿಗಳನ್ನು ಉಳಿಸಬಹುದೆಂದು ತೋರಿಸಿದ ಮುಖ್ಯ ಪ್ರಯೋಗ ಗಡಿಯಾಚೆಯ ಢಾಕಾದ ಕಾಲರಾ ಸಂಶೋಧನಾ ಕೇಂದ್ರದ್ದು. ಅದರ ವರದಿ 1968ರಲ್ಲಿ ಪ್ರಕಟವಾಗಿತ್ತು. ಢಾಕಾದ ವಿದ್ಯೆ ಬನಗಾಂವ್‌ನ ಶಿಬಿರದಲ್ಲಿ ಬಳಕೆಯಾಯಿತು. 1980ರ ದಶಕದಲ್ಲಿ ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ ಅದನ್ನು ಮನೆಮನೆಗೆ ಒಯ್ದು ಚಿಟಿಕೆ ಉಪ್ಪು, ಹಿಡಿ ಬೆಲ್ಲದ ಪಾಠವಾಗಿ ಕಲಿಸಿತು. ಹೀಗೆ ಗಡಿಯ ಒಂದು ಕಡೆ ಬರೀ ಕೊಡುವವರು, ಇನ್ನೊಂದು ಕಡೆ ಬರೀ ಬೇಡುವವರು ಎಂಬ ಲೆಕ್ಕ ಇಲ್ಲಿ ಸಲ್ಲುವುದಿಲ್ಲ. ಮಹಾಲನಬಿಸ್ 2022ರಲ್ಲಿ ತೀರಿಕೊಂಡರು. ಮರುವರ್ಷ ಅವರಿಗೆ ಪದ್ಮವಿಭೂಷಣ ಬಂತು.

ಬಾಂಗ್ಲಾದೇಶ ಶಿಶುಮರಣ ತಗ್ಗಿಸಿದ ಸಾಧನೆಗೆ ಹೆಸರಾದ ದೇಶ. ಹಾಗಿದ್ದೂ ಕ್ಯಾನ್ಸರ್, ಹೃದಯ, ಮೂತ್ರಪಿಂಡದ ಕಾಯಿಲೆಗೆ ಅಲ್ಲಿನವರು ಹೊರಗೆ ಹೋಗುವುದೇಕೆ? ದುಡ್ಡು ಒಂದು ಕಾರಣ. ಅಲ್ಲಿ ಆರೋಗ್ಯಕ್ಕಾಗುವ ವೆಚ್ಚದ ಹತ್ತರಲ್ಲಿ ಸುಮಾರು ಏಳು ಭಾಗವನ್ನು ಜನ ತಮ್ಮ ಜೇಬಿನಿಂದಲೇ ಭರಿಸುತ್ತಾರೆ. ಹೇಗೂ ಜೇಬಿನಿಂದಲೇ ಕೊಡುವುದಾದರೆ ನಂಬಿಕೆ ಇರುವ ಕಡೆ ಕೊಡೋಣ ಎಂಬ ಲೆಕ್ಕಾಚಾರ ಸಹಜ. ಇನ್ನೊಂದು ಕಾರಣ ಸಮಯ. 67 ದೇಶಗಳಲ್ಲಿ ವೈದ್ಯರು ರೋಗಿಗೆ ಕೊಡುವ ವೇಳೆಯ ಬಗ್ಗೆ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬಾಂಗ್ಲಾದೇಶಕ್ಕೆ ಕೊನೆಯ ಸ್ಥಾನ. ಸರಾಸರಿ 48 ಸೆಕೆಂಡು. ಮೊದಲನೆಯದಾದ ಸ್ವೀಡನ್ನಿನಲ್ಲಿ 22 ನಿಮಿಷಕ್ಕೂ ಹೆಚ್ಚು. ಭಾರತದ್ದೇನೂ ಹೆಮ್ಮೆಪಡುವ ಅಂಕಿಯಲ್ಲ, ಎರಡು ನಿಮಿಷದ ಆಸುಪಾಸು. ಆದರೆ ‘ಡಾಕ್ಟರು ಕೂರಿಸಿ ಮಾತಾಡಿಸಿದರು’ ಎಂಬ ಒಂದು ಮಾತು ಊರಿಗೆ ಹೋಗಿ ಮುಟ್ಟಿದರೆ ಹತ್ತು ಮನೆಯವರು ಪಾಸ್‌ಪೋರ್ಟ್ ಮಾಡಿಸುತ್ತಾರೆ.

ಹೊರಡುವವರಲ್ಲೂ ಅಂತಸ್ತುಗಳಿವೆ. ಹಣವಂತರಿಗೆ ಸಿಂಗಪುರ, ಬ್ಯಾಂಕಾಕ್. ಬಾಂಗ್ಲಾದೇಶದ ಅಧ್ಯಕ್ಷರಾಗಿದ್ದ ಜಿಲ್ಲುರ್ ರಹಮಾನ್ 2013ರಲ್ಲಿ ಕೊನೆಯುಸಿರೆಳೆದದ್ದು ಸಿಂಗಪುರದ ಆಸ್ಪತ್ರೆಯೊಂದರಲ್ಲಿ. ಶಾಲಾ ಮಾಸ್ತರಿಗೆ, ಅಂಗಡಿಕಾರನಿಗೆ, ನಾಲ್ಕೆಕರೆ ರೈತನಿಗೆ ಭಾರತ. ಕೊಲ್ಕತ್ತದಲ್ಲಿ ಭಾಷೆಯ ತೊಡಕಿಲ್ಲ. ಮಾರ್ಕ್ವಿಸ್ ಸ್ಟ್ರೀಟ್, ಮುಕುಂದಪುರದ ಲಾಡ್ಜುಗಳು, ಟಾಕಾ ಬದಲಿಸುವ ಅಂಗಡಿಗಳು, ಅನ್ನ ಮೀನಿನ ಹೋಟೆಲುಗಳು ಈ ರೋಗಿಗಳನ್ನೇ ನೆಚ್ಚಿ ಬೆಳೆದವು.

ಭಾಷೆ ಬಾರದ ವೆಲ್ಲೂರಿಗೆ ಅವರು ಹೋಗುವುದು ಹೆಚ್ಚು ಅಚ್ಚರಿಯ ಸಂಗತಿ. ಹೌರಾದಿಂದ ಕಾಟ್ಪಾಡಿಗೆ ಒಂದು ದಿನಕ್ಕೂ ಮಿಕ್ಕಿದ ರೈಲು ಪ್ರಯಾಣ. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು, ಅಮೆರಿಕನ್ ವೈದ್ಯೆ ಐಡಾ ಸ್ಕಡರ್ 1900ರಲ್ಲಿ ಒಂದೇ ಹಾಸಿಗೆಯಿಂದ ಆರಂಭಿಸಿದ ಔಷಧಾಲಯದಿಂದ ಬೆಳೆದದ್ದು. ಆಕೆಯೂ ಆ ಊರಿಗೆ ವಿದೇಶಿಯೇ. 1961ರಲ್ಲಿ ತೆರೆದ ಹೃದಯದ ಶಸ್ತ್ರಚಿಕಿತ್ಸೆ, 1971ರಲ್ಲಿ ಮೂತ್ರಪಿಂಡ ಕಸಿ ನಡೆಸಿ ದೇಶಕ್ಕೇ ಮೊದಲಿಗನಾದ ಆಸ್ಪತ್ರೆಯೆಂಬ ಹೆಸರು ಪಶ್ಚಿಮ ಬಂಗಾಳದ ಮೂಲಕ ಗಡಿಯಾಚೆಗೂ ಹಬ್ಬಿತು. ತಮಿಳು ನಾಡಿನ ಈ ಪಟ್ಟಣದಲ್ಲಿ ಬಂಗಾಳಿ ಅಕ್ಷರಗಳ ಫಲಕಗಳು ಸಾಲಾಗಿ ಕಾಣುತ್ತವೆ. ಲಾಡ್ಜುಗಳಲ್ಲಿ ಕೋಣೆಯ ಜೊತೆಗೆ ಒಲೆ, ಪಾತ್ರೆ ಬಾಡಿಗೆಗೆ ಸಿಗುತ್ತವೆ. ಒಂದು ಪರೀಕ್ಷೆಗೂ ಮತ್ತೊಂದಕ್ಕೂ ನಡುವೆ ವಾರಗಟ್ಟಲೆ ಕಾಯುವವರು ಅಡುಗೆ ತಾವೇ ಮಾಡಿಕೊಳ್ಳುತ್ತಾರೆ.

ಬೆಂಗಳೂರಿನ ನಂಟು ಕೊಲ್ಕತ್ತದ ಮೂಲಕವೇ ಬೆಳೆದದ್ದು. ದಕ್ಷಿಣ ಕನ್ನಡದ ಕಿನ್ನಿಗೋಳಿ ಮೂಲದ ಡಾ. ದೇವಿ ಶೆಟ್ಟಿ ಲಂಡನ್ನಿನಿಂದ 1989ರಲ್ಲಿ ಬಂದು ಸೇರಿದ್ದು ಕಲ್ಕತ್ತಾದ ಹೃದ್ರೋಗ ಆಸ್ಪತ್ರೆಗೆ. ಆಮೇಲೆ ಮುಕುಂದಪುರದಲ್ಲೂ ಹೊಸೂರು ರಸ್ತೆಯ ಬೊಮ್ಮಸಂದ್ರದಲ್ಲೂ ಅವರ ಆಸ್ಪತ್ರೆಗಳು ಎದ್ದವು. 2003ರ ಜುಲೈನಲ್ಲಿ, ನಿಂತುಹೋಗಿದ್ದ ದೆಹಲಿ ಲಾಹೋರ್ ಬಸ್ಸು ಮತ್ತೆ ಓಡಿದಾಗ, ಅದರಲ್ಲಿ ಬಂದ ಎರಡೂವರೆ ವರ್ಷದ ಪಾಕಿಸ್ತಾನಿ ಹೆಣ್ಣುಮಗುವಿಗೆ ಹೃದಯದ ಶಸ್ತ್ರಚಿಕಿತ್ಸೆ ನಡೆದದ್ದು ಬೊಮ್ಮಸಂದ್ರದಲ್ಲಿ. ಆ ಮಗುವಿಗಾಗಿ ಎರಡೂ ದೇಶಗಳು ಪ್ರಾರ್ಥಿಸಿದವು. ಪತ್ರಿಕೆಗಳು ಅದನ್ನು ಶಾಂತಿಯ ಶಕುನವೆಂದು ಬರೆದವು. ಬಸ್ಸು ಓಡದಿದ್ದರೆ ಆ ರಂಧ್ರ ಹಾಗೇ ಉಳಿಯುತ್ತಿತ್ತೇನೋ ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ.

ವಿದೇಶಿ ರೋಗಿಯ ಪಾಡು ಕಾಗದದಿಂದಲೇ ಶುರು. ಮೊದಲು ಭಾರತದ ಆಸ್ಪತ್ರೆಯೊಂದರಿಂದ ಪತ್ರ ತರಿಸಬೇಕು. ಅದರ ಆಧಾರದ ಮೇಲೆ ರೋಗಿಗೆ ವೈದ್ಯಕೀಯ ವೀಸಾ, ಜೊತೆಗೆ ಬರುವ ಇಬ್ಬರವರೆಗೆ ಸಹಾಯಕರ ವೀಸಾ. ಉಳಿದುಕೊಳ್ಳುವ ಲಾಡ್ಜಿನವರು 24 ಗಂಟೆಯೊಳಗೆ ಅಧಿಕಾರಿಗಳಿಗೆ ಮಾಹಿತಿ ಕೊಡಬೇಕು. ದಶಕಗಳಿಂದ ಇದು ‘ಸಿ ಫಾರಂ’ ಎಂದೇ ಪರಿಚಿತ. ಖಾಸಗಿ ಆಸ್ಪತ್ರೆಗಳಲ್ಲಿ ವಿದೇಶಿಯರಿಗೆಂದೇ ಪ್ರತ್ಯೇಕ ಮೇಜು, ಹಲವೆಡೆ ಪ್ರತ್ಯೇಕ ದರಪಟ್ಟಿ. ವಿದೇಶಿ ರೋಗಿಗಳಿಗೆ ಹಣ ಪಡೆದು ನೀಡುವ ಚಿಕಿತ್ಸೆಯನ್ನು ರಫ್ತಿಗೆ ಸಮಾನವೆಂದು 2002ರ ರಾಷ್ಟ್ರೀಯ ಆರೋಗ್ಯ ನೀತಿಯೇ ಹೇಳಿತ್ತು. ಗುಣಮಟ್ಟ ಅಳೆಯಲು ಮಾನ್ಯತಾ ಪತ್ರಗಳಿವೆ. ಆದರೆ ಅವು ಆಸ್ಪತ್ರೆಯ ಕ್ರಮಕ್ಕೆ ಸಿಕ್ಕ ಅಂಕ, ಕತ್ತರಿ ಹಿಡಿಯುವ ಕೈಯ ಬಗ್ಗೆ ಏನೂ ಹೇಳುವುದಿಲ್ಲ.

ಅಗ್ಗ ಎಂಬ ಮಾತನ್ನೂ ಎಚ್ಚರದಿಂದ ಬಳಸಬೇಕು. ಶಸ್ತ್ರಚಿಕಿತ್ಸೆಯ ದರಕ್ಕೆ ಮೂವರ ಪ್ರಯಾಣ, ಲಾಡ್ಜಿನ ಬಾಡಿಗೆ, ಟಾಕಾ ಬದಲಿಸುವಾಗಿನ ನಷ್ಟ, ಊರಲ್ಲಿ ಮುಚ್ಚಿದ ಅಂಗಡಿಯ ಬಾಬತ್ತು ಸೇರಬೇಕು. ದಲ್ಲಾಳಿಯ ಪಾಲೂ ಸೇರುವುದುಂಟು. ಸಿಯಾಲ್ದಾದಿಂದಲೇ ರೋಗಿಯ ಬೆನ್ನು ಹತ್ತುವ ಈತ ಆಸ್ಪತ್ರೆಯಿಂದಲೂ ಕಮಿಷನ್ ಪಡೆಯುತ್ತಾನೆ. ಅಂಗಾಂಗ ಕಸಿಯ ವಿಷಯದಲ್ಲಿ ಈ ದಂಧೆ ಅಪರಾಧದ ಮಟ್ಟಕ್ಕೇ ಇಳಿದಿದೆ. ಭಾರತದ ಕಾನೂನಿನಂತೆ ಹತ್ತಿರದ ರಕ್ತಸಂಬಂಧಿಯೋ ಸಂಗಾತಿಯೋ ಆಗಿದ್ದರೆ ಮಾತ್ರ ಬದುಕಿರುವ ಭಾರತೀಯ ವಿದೇಶಿಗೆ ಮೂತ್ರಪಿಂಡ ಕೊಡಬಹುದು. ದಾನಿಯೂ ರೋಗಿಯೂ ವಿದೇಶಿಯರಾದರೆ ಸಂಬಂಧಕ್ಕೆ ಅವರ ದೇಶದ ರಾಯಭಾರ ಕಚೇರಿಯ ದೃಢೀಕರಣ ಬೇಕು. ಸುಳ್ಳು ಸಂಬಂಧ ಸೃಷ್ಟಿಸಿ ಬಾಂಗ್ಲಾದೇಶದ ಬಡವರ ಮೂತ್ರಪಿಂಡ ಮಾರಿಸುತ್ತಿದ್ದ ಜಾಲವೊಂದನ್ನು 2024ರಲ್ಲಿ ದೆಹಲಿ ಪೊಲೀಸರು ಹಿಡಿದರು.

ಇಷ್ಟೆಲ್ಲ ಇದ್ದರೂ ವ್ಯವಸ್ಥೆ ನಡೆಯುತ್ತಿತ್ತು. ಅದನ್ನು ಸಲೀಸು ಮಾಡುವ ಮಾತೂ ಬಂತು. 2024ರ ಜೂನ್ 22ರಂದು ದೆಹಲಿಯಲ್ಲಿ ಶೇಖ್ ಹಸೀನಾ ಅವರ ಸಮ್ಮುಖದಲ್ಲಿ ಪ್ರಧಾನಿ ನರೇಂದ್ರ ಮೋದಿ, ಬಾಂಗ್ಲಾದೇಶದ ರೋಗಿಗಳಿಗೆ ಇ-ವೈದ್ಯಕೀಯ ವೀಸಾ ಕೊಡುವುದಾಗಿ ಪ್ರಕಟಿಸಿದರು. ಜುಲೈನಲ್ಲಿ ಢಾಕಾ ಹೊತ್ತಿ ಉರಿಯಿತು, ಮೈತ್ರಿ ಎಕ್ಸ್‌ಪ್ರೆಸ್ ನಿಂತಿತು. ಆಗಸ್ಟ್ 5ರಂದು ಹಸೀನಾ ದೇಶ ಬಿಟ್ಟು ಭಾರತಕ್ಕೆ ಬಂದರು. ಭಾರತದ ವೀಸಾ ಕೇಂದ್ರಗಳು ಮುಚ್ಚಿದವು. ಮತ್ತೆ ತೆರೆದಾಗ ತುರ್ತು ಚಿಕಿತ್ಸೆಯವರಿಗೆ, ವಿದ್ಯಾರ್ಥಿಗಳಿಗೆ ಸೀಮಿತವಾಗಿ ವೀಸಾ ಸಿಕ್ಕಿತು; ಹಿಂದಿನ ಸಂಖ್ಯೆಗೆ ಹೋಲಿಸಿದರೆ ಒಂದು ಸಣ್ಣ ಪಾಲು ಮಾತ್ರ.

ತುರ್ತು ಯಾವುದು ಎಂಬುದನ್ನು ಕ್ಯಾನ್ಸರಿನಂಥ ಕಾಯಿಲೆಯಲ್ಲಿ ಗುಮಾಸ್ತ ನಿರ್ಧರಿಸಲಾರ. ಕೀಮೋಥೆರಪಿ ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ, ಹಲವು ಸುತ್ತು. ಎರಡು ಸುತ್ತು ಮುಗಿಸಿ ಊರಿಗೆ ಹೋಗಿ ಬರುವೆನೆಂದು ಹೊರಟವರಿಗೆ ಮೂರನೆಯದು ಗಡಿಯಾಚೆ ಉಳಿಯಿತು. ಕಸಿಯಾದವರು ಮೂರು ತಿಂಗಳಿಗೊಮ್ಮೆ ತೋರಿಸಬೇಕು, ಔಷಧಿಯ ಪ್ರಮಾಣ ಬದಲಾಗಬೇಕು. ಪರದೇಶದ ಚಿಕಿತ್ಸೆಯ ನಿಜವಾದ ದುರ್ಬಲ ಜಾಗ ಇದು. ಶಸ್ತ್ರಚಿಕಿತ್ಸೆ ಒಂದು ದಿನದ ಕೆಲಸ, ಅದಕ್ಕೊಂದು ವೀಸಾ ಸಾಕು. ಆಮೇಲಿನ ಉಸ್ತುವಾರಿಗೆ ವರ್ಷಗಟ್ಟಲೆ ತೆರೆದ ಬಾಗಿಲು ಬೇಕು. ದೂರವಾಣಿಯ ಸಲಹೆಯಿಂದ ಸ್ವಲ್ಪ ಮಟ್ಟಿಗೆ ನಿಭಾಯಿಸಿದವರಿದ್ದಾರೆ, ಆದರೆ ಹೊಟ್ಟೆಯನ್ನು ಒತ್ತಿ ನೋಡುವ ಕೈ ಫೋನಿನಲ್ಲಿ ಬರುವುದಿಲ್ಲ.

ಆ ವರ್ಷದ ಕೊನೆಗೆ ಎರಡು ದೇಶಗಳ ಸಂಬಂಧ ಮತ್ತಷ್ಟು ಹದಗೆಟ್ಟಾಗ ಕೊಲ್ಕತ್ತದ ಒಂದು ಖಾಸಗಿ ಆಸ್ಪತ್ರೆ ಬಾಂಗ್ಲಾದೇಶದ ರೋಗಿಗಳನ್ನು ನೋಡುವುದಿಲ್ಲವೆಂದು ಘೋಷಿಸಿತು. ನಗರದ ಇತರ ವೈದ್ಯರಲ್ಲಿ ಹಲವರು ಅದನ್ನು ಒಪ್ಪಲಿಲ್ಲ. ರೋಗಿಗೆ ದೇಶವಿಲ್ಲ ಎಂದರು. ಮಾರ್ಕ್ವಿಸ್ ಸ್ಟ್ರೀಟಿನ ಲಾಡ್ಜುಗಳು ಅಷ್ಟರಲ್ಲಾಗಲೇ ಖಾಲಿ ಬಿದ್ದಿದ್ದವು. ಅಲ್ಲಿನ ವ್ಯಾಪಾರಿಗಳಿಗೆ ರೋಗಿ ಬೇಕು, ರೋಗಿಗೆ ವೈದ್ಯ ಬೇಕು, ವೈದ್ಯರೂ ಸಿದ್ಧರಿದ್ದರು.

ತೆರವಾದ ಜಾಗಕ್ಕೆ ಚೀನಾ ಬಂತು. 2025ರ ಮಾರ್ಚ್ 10ರಂದು ಬಾಂಗ್ಲಾದೇಶದ ರೋಗಿಗಳ ಮೊದಲ ತಂಡ ವಿಮಾನದಲ್ಲಿ ಯುನಾನ್ ಪ್ರಾಂತ್ಯದ ಕುನ್ಮಿಂಗ್ ತಲುಪಿತು. ಅಲ್ಲಿನ ಮೂರು ಆಸ್ಪತ್ರೆಗಳನ್ನು ಬಾಂಗ್ಲಾದೇಶೀಯರಿಗೆಂದು ಗೊತ್ತುಮಾಡಲಾಗಿತ್ತು. ಬೆನಾಪೋಲ್‌ನಲ್ಲಿ ನಡೆದೇ ಗಡಿ ದಾಟುತ್ತಿದ್ದವರು ಅಲ್ಲಿ ವಿಮಾನದ ಟಿಕೆಟ್ಟು ಕೊಳ್ಳಬೇಕು. ವೈದ್ಯರ ಮಾತು ಅವರಿಗೆ ತಿಳಿಯುವುದಿಲ್ಲ, ಅವರ ಮಾತು ವೈದ್ಯರಿಗೆ ತಿಳಿಯುವುದಿಲ್ಲ. ತಮಿಳು ನಾಡಿನ ವೆಲ್ಲೂರಿನಲ್ಲೂ ಮೊದಮೊದಲು ಹಾಗೇ ಇದ್ದಿರಬೇಕು. ಬಂಗಾಳಿ ಫಲಕಗಳು ಬಂದದ್ದು ರೋಗಿಗಳು ಬಂದ ಮೇಲೆ.