ಮರಳಿ ಬಂದ ಯೋಧನಿಗೆ ಜಗಲಿಯಲ್ಲಿ ಜಾಗವಿರಲಿ



ಕಮಲಾಪುರದ ವಸ್ತು ಸಂಗ್ರಹಾಲಯಕ್ಕೆ ಹೋದವರು ವೀರಗಲ್ಲುಗಳನ್ನು ಕಂಡಿರಬಹುದು. ವೀರಗಲ್ಲೆಂದರೆ ಸಾಮಾನ್ಯವಾಗಿ ಕೆಳಗೆ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಮಡಿದವನಿಗೆ ನಮ್ಮ ಹಿರಿಯರು ಹೀಗೆ ಕಲ್ಲು ನಿಲ್ಲಿಸಿ ಪೂಜೆ ಸಲ್ಲಿಸಿದರು. ಬದುಕಿ ಮರಳಿದವನಿಗೋ? ಅವನಿಗೆ ಕಲ್ಲು ಬೇಡ, ಕಾಯಕ ಬೇಕು.

ಹೊಸಪೇಟೆ ಸೀಮೆಯ ಪಾಪಿನಾಯಕನಹಳ್ಳಿಯ ಹೆಸರಿನಲ್ಲೇ ಒಬ್ಬ ನಾಯಕನಿದ್ದಾನೆ. ವಿಜಯನಗರದ ಕಾಲದಲ್ಲಿ ನಾಯಕನೆಂದರೆ ಅರಸನಿಂದ ಭೂಮಿ ಪಡೆದು ದಂಡು ಸಾಕುವವನು. 1565ರಲ್ಲಿ ರಕ್ಕಸತಂಗಡಿ ಕಾಳಗ ಮುಗಿಯಿತು. ಆದರೆ ಶಾಂತಿ ಬರಲಿಲ್ಲ, ಹಂಪೆ ಹಾಳಾಯಿತು.

ಇದೇ ಸೀಮೆ ಇನ್ನೊಂದು ಬಗೆಯ ಮುಕ್ತಾಯವನ್ನೂ ಕಂಡಿದೆ. ಎರಡನೆಯ ಮಹಾಯುದ್ಧದಲ್ಲಿ ಭಾರತದ ಸೇನೆ 25 ಲಕ್ಷ ಮೀರಿ ಬೆಳೆದಿತ್ತು. 1945ರಲ್ಲಿ ಯುದ್ಧ ನಿಂತ ಮೇಲೆ ಅವರಲ್ಲಿ ಬಹುಪಾಲು ಜನ ಸಮವಸ್ತ್ರ ಕಳಚಿ ಊರಿಗೆ ತಿರುಗಿದರು. ಬಳ್ಳಾರಿ ಜಿಲ್ಲೆ ಆಗ ಮದರಾಸು ಪ್ರಾಂತದಲ್ಲಿತ್ತು. ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, 1945ರ ಫೆಬ್ರವರಿ 28ರಂದು, ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿದ್ದಿತ್ತು. 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಮದ್ದುಗುಂಡಿಗೆ ಸುರಿಯುವ ಹಣ ಕಲ್ಲು-ಗಾರೆಗೆ ತಿರುಗಿದರೆ ಏನಾದೀತೆಂಬುದನ್ನು ಆ ಕಾಲುವೆಯ ಕೆಳಗಿನ ಗದ್ದೆಯ ಬದುವಿನ ಮೇಲೆ ನಿಂತು ನೋಡಬೇಕು.

ದೇಶದ ಲೆಕ್ಕ ಅದಾಯಿತು. ಮನೆಯ ಲೆಕ್ಕ ಬೇರೆ. 1999ರ ಜುಲೈನಲ್ಲಿ ಕಾರ್ಗಿಲ್ ಯುದ್ಧ ಮುಗಿದಾಗ ನಾಡೆಲ್ಲ ಜಯಘೋಷ ಮಾಡಿತು. ಆದರೆ ಸಿಪಾಯಿ ಸೇವೆ ಮುಗಿಸಿ ಬರುವುದು ನಾಲ್ವತ್ತರ ಆಸುಪಾಸಿನಲ್ಲಿ, ಮಕ್ಕಳು ಇನ್ನೂ ಶಾಲೆಯಲ್ಲಿರುವಾಗ. 2022ರಲ್ಲಿ ಆರಂಭವಾದ ಅಗ್ನಿವೀರ ಪದ್ಧತಿಯಲ್ಲಂತೂ ಸೇವೆ ನಾಲ್ಕೇ ವರ್ಷ. ಆಮೇಲೆ ಸೇನೆಯಲ್ಲಿ ಮುಂದುವರಿಯುವವರು ನೂರಕ್ಕೆ ಗರಿಷ್ಠ 25 ಎಂಬುದು ಮೂಲ ನಿಯಮ. ಮೀಸೆ ದಟ್ಟವಾಗುವ ಮೊದಲೇ 'ಮಾಜಿ' ಎನಿಸಿಕೊಳ್ಳುವ ಈ ಹುಡುಗರ ಬಗೆಗೆ ಊರ ಹಿರಿಯರು ಈಗಲೇ ಯೋಚಿಸಬೇಕು.

ನಾವು ಮಾಡುವುದೇನು? ಮೊದಲ ದಿನ ಹಾರ ಹಾಕಿ ಟ್ರ್ಯಾಕ್ಟರಿನಲ್ಲಿ ಮೆರವಣಿಗೆ. ಮರುದಿನ, 'ಮಿಲಿಟರಿ ಕ್ಯಾಂಟೀನಿನ ಬಾಟಲಿ ತಂದೆಯೇನಪ್ಪಾ?' ಇದನ್ನು ಕೇಳುವವರು ಹೊರಗಿನವರಲ್ಲ, ಸ್ವಂತ ಬೀಗರು! ಬಾಟಲಿ ಬಿಟ್ಟು ಅವನ ಕೈಕಸುಬು ಕೇಳಿರಿ. ವಾಹನ ನಡೆಸಿದವನಿರಬಹುದು, ತಂತಿ ಜೋಡಿಸಿದವನಿರಬಹುದು, ನೂರು ಜನಕ್ಕೆ ಅಡುಗೆ ಮಾಡಿದವನಿರಬಹುದು. 'ಎಷ್ಟು ಜನರನ್ನು ಕೊಂದೆ?' ಎಂದು ಕಟ್ಟೆಯ ಮೇಲೆ ಕೂರಿಸಿ ಕೇಳಬೇಡಿರಿ. ಸಂಡೂರಿನ ಗುಡ್ಡದಲ್ಲಿ ಗಣಿಯ ಸಿಡಿಮದ್ದು ಹಾರಿದರೆ ನಮಗದು ದಿನನಿತ್ಯದ ಸದ್ದು. ಅವನು ಬೆಚ್ಚಿದರೆ ನಗಬೇಡಿರಿ.

ಮನೆಯಾಕೆಯ ಮಾತೂ ಇದೆ. ಅವನು ಗಡಿಯಲ್ಲಿದ್ದ ಹದಿನೈದು ಹದಿನೇಳು ವರ್ಷ ಹೊಲಕ್ಕೆ ಬೀಜ ಹಾಕಿಸಿದವಳು, ಸೊಸೈಟಿಯ ಸಾಲ ತೀರಿಸಿದವಳು, ಅತ್ತೆ-ಮಾವನ ಔಷಧ ನೋಡಿದವಳು ಅವಳು. ಬಂದ ವಾರವೇ ಅವನು ಬ್ಯಾರಕ್ಕಿನ ಹುಕುಂ ನಡೆಸತೊಡಗಿದರೆ ಮನೆಯಲ್ಲಿ ಹೊಸ ಕದನ ಹುಟ್ಟುತ್ತದೆ. ಅಂಥ ಮನೆಗೆ ಹಿರಿಯರಾದವರು ಒಂದು ಸಂಜೆ ಹೋಗಿ ಕೂರಿರಿ. ಹೊಲದ ವಿಚಾರ ಎತ್ತಿರಿ. ಮೊದಲು ಅವಳು ಹೇಳಲಿ, ಅವನು ಕೇಳಿಸಿಕೊಳ್ಳಲಿ.