ಬಾಗಿಲಾಚೆ ಯಾರೋ ಕಾಯುತ್ತಿದ್ದಾರೆ!

ಕೆಲವರಿಗೆ ವಿಮಾನವೆಂದರೆ ಎತ್ತರದ ಭಯ. ನನಗೆ ಅದರ ಟಾಯ್ಲೆಟ್ಟಿನ ಭಯ. ಹೊರಗೆ ಯಾರಾದರೂ ಕಾಯುತ್ತಿದ್ದಾರೆ ಅನ್ನಿಸಿದರೆ ಸಾಕು, ಎಷ್ಟೇ ಅವಸರವಿದ್ದರೂ ಮೂತ್ರ ಬರುವುದಿಲ್ಲ. ಹೈಸ್ಕೂಲಿನಲ್ಲಿ ಗೆಳೆಯರೆಲ್ಲ ಸಾಲಾಗಿ ಒಂದಕ್ಕೆ ನಿಂತರೆ, ನಾನು ಎಲ್ಲರೂ ಹೋಗಲೆಂದು ಕಾಯುತ್ತಿದ್ದೆ. ಹಾಸ್ಟೆಲಿನಲ್ಲೂ ಅದೇ ಕಥೆ. ಇದು ನನ್ನೊಬ್ಬನ ವಿಚಿತ್ರ ತೊಂದರೆ ಎಂದುಕೊಂಡು ಯಾರಿಗೂ ಹೇಳಿರಲಿಲ್ಲ.

ಇದಕ್ಕೆ ‘ಪ್ಯಾರುರೆಸಿಸ್’ ಎಂಬ ಹೆಸರಿದೆ. ಆಡುಮಾತಿನಲ್ಲಿ ‘ಶೈ ಬ್ಲಾಡರ್’. ಕಾಲೇಜು ವಿದ್ಯಾರ್ಥಿಗಳನ್ನೇ ಅಧ್ಯಯನ ಮಾಡಿದ ಇಬ್ಬರು ಸಂಶೋಧಕರು 1954ರಲ್ಲಿ ಈ ಹೆಸರಿಟ್ಟರು. ಮನೋವೈದ್ಯರು ಇದನ್ನು ಸಾಮಾಜಿಕ ಆತಂಕದ ಗುಂಪಿಗೆ ಸೇರಿಸುತ್ತಾರೆ. ಆತಂಕವಾದಾಗ ದೇಹ ಅಪಾಯ ಎದುರಾದಂತೆ ವರ್ತಿಸುತ್ತದೆ. ಮೂತ್ರಕೋಶದ ಬಾಯಿಯ ಸ್ನಾಯು ಬಿಗಿಯುತ್ತದೆ. ‘ಬೇಗ ಬೇಗ’ ಎಂದುಕೊಂಡಷ್ಟೂ ಇನ್ನೂ ಬಿಗಿ.

ದೆಹಲಿಯಿಂದ ಸಂದರ್ಶನದ ಕರೆ ಬಂದಾಗ ನನಗೆ ಚಿಂತೆ ಹತ್ತಿದ್ದು ಪ್ರಶ್ನೆಗಳದ್ದಲ್ಲ, ಬೆಂಗಳೂರಿನಿಂದ ಸುಮಾರು ಮೂರು ಗಂಟೆಯ ಆ ಪ್ರಯಾಣದ್ದು. ಹಿಂದಿನ ರಾತ್ರಿಯಿಂದಲೇ ನೀರು ಬಿಟ್ಟುಬಿಡೋಣ ಅನ್ನಿಸಿತು. ಕಾಲೇಜಿನ ಆಪ್ತಸಮಾಲೋಚಕಿ ಬೇಡವೆಂದರು. ವಿಮಾನದೊಳಗಿನ ಗಾಳಿ ಮೊದಲೇ ಒಣ. ಬಾಯಾರಿ, ಸುಸ್ತಾಗಿ ಸಂದರ್ಶನಕ್ಕೆ ಕೂರುವುದು ಯಾರಿಗೆ ಬೇಕು?

ಅವರು ಹೇಳಿಕೊಟ್ಟಿದ್ದು ಮೆಟ್ಟಿಲು ಹತ್ತುವ ಅಭ್ಯಾಸ. ಮೊದಲು ತಮ್ಮ ಹಾಲ್‌ನಲ್ಲಿದ್ದಾಗ, ಆಮೇಲೆ ಅವನನ್ನು ಬಾಗಿಲ ಹತ್ತಿರವೇ ನಿಲ್ಲಿಸಿಕೊಂಡು, ನಂತರ ಜನ ಕಡಿಮೆಯಿರುವ ಹೊತ್ತಿನಲ್ಲಿ ಮಾಲ್, ಕೊನೆಗೆ ಬಸ್ ನಿಲ್ದಾಣ. ಒಂದು ಮೆಟ್ಟಿಲು ಸಲೀಸಾಗುವವರೆಗೆ ಮುಂದಿನದಕ್ಕೆ ಕಾಲಿಡುವಂತಿಲ್ಲ. ತಮ್ಮ ಮೊದಲ ದಿನ ನಕ್ಕ. ಆಮೇಲೆ ಪ್ರತಿದಿನ ಬಂದು ನಿಂತ.

ವಿಮಾನದಲ್ಲಿ ಓಡಾಟಕ್ಕೆ ಸುಲಭವೆಂದು ನಡುದಾರಿ ಪಕ್ಕದ ಸೀಟು ತೆಗೆದುಕೊಂಡೆ. ಊಟದ ಟ್ರಾಲಿ ಹೋದ ತಕ್ಷಣ, ಇಳಿಯುವ ಮುನ್ನ ಸಾಲು ಉದ್ದವಿರುತ್ತದೆ. ಹಾಗಾಗಿ ನಡುವಿನ ಹೊತ್ತು ಆರಿಸಿಕೊಂಡೆ. ಒಳಗೆ ಕುಳಿತು ನಿಧಾನಕ್ಕೆ ಉಸಿರು ಬಿಟ್ಟೆ. ಎಂಜಿನ್ನಿನ ಸದ್ದಿನಲ್ಲಿ ಬೇರೇನೂ ಕೇಳಿಸುವುದಿಲ್ಲ ಎಂಬುದೂ ಧೈರ್ಯ ಕೊಟ್ಟಿತು. ಮೊದಲ ಸಲ ಆಗಲಿಲ್ಲ. ಸೀಟಿಗೆ ಬಂದು ಕುಳಿತು, ಅರ್ಧ ಗಂಟೆ ಬಿಟ್ಟು ಮತ್ತೆ ಹೋದೆ. ಆಯಿತು!

ಮನೆಯಲ್ಲಿ ಒಬ್ಬರೇ ಇದ್ದಾಗಲೂ ಕಷ್ಟವಾದರೆ, ನೋವಿದ್ದರೆ ಕಾರಣ ಬೇರೆಯಿರಬಹುದು; ವೈದ್ಯರಿಗೆ ತೋರಿಸಿ. ತಡೆದುಕೊಳ್ಳಲಾಗದಷ್ಟು ತುಂಬಿದ್ದರೂ ಸ್ವಲ್ಪವೂ ಬರದಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಆತಂಕವೇ ಕಾರಣವಾದರೆ ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಕೆಲಸ ಸಿಕ್ಕ ಮೇಲೆ ಮೆಡಿಕಲ್ ಟೆಸ್ಟಿನಲ್ಲಿ ಮೂತ್ರದ ಮಾದರಿ ಕೇಳಿದರು. ‘ನನಗೆ ಸ್ವಲ್ಪ ಹೊತ್ತು ಬೇಕಾಗುತ್ತದೆ ಸಿಸ್ಟರ್’ ಎಂದೆ. ‘ಪರವಾಗಿಲ್ಲ, ನಿಧಾನಕ್ಕೆ ಬನ್ನಿ’ ಎಂದು ಅವರು ಮುಂದಿನವರನ್ನು ಕರೆದರು. ಇಷ್ಟು ವರ್ಷ ಬಾಯಿಗೆ ಬಾರದಿದ್ದ ಮಾತು ಅಷ್ಟು ಚಿಕ್ಕದಿತ್ತು.