ಮನೆ ಕಟ್ಟಲು ಜಾಗವಿಲ್ಲದ ಊರಲ್ಲಿ ಶಾಲೆ ಉಳಿದೀತೇ?

ಮಳೆಗಾಲ ಹಿಡಿಯುವ ಹೊತ್ತಿಗೆ ನಮ್ಮ ಹುಲಗೋಳ, ಭೈರುಂಬೆ ಕಡೆ ಹೆಂಗಸರು ನಾಲ್ಕು ಜನ ಸೇರಿದರೆ ಒಂದು ಮಾತು ಬಂದೇ ಬರುತ್ತದೆ. "ಈ ವರ್ಷ ಒಂದನೇ ಕ್ಲಾಸಿಗೆ ಎಷ್ಟು ಮಕ್ಕಳಂತೆ?" ಉತ್ತರ ಕೇಳಿ ಎಲ್ಲರೂ ಒಮ್ಮೆ ಸುಮ್ಮನಾಗುತ್ತೇವೆ. ಆಮೇಲೆ ಯಾರೋ ಒಬ್ಬರು, "ಎಲ್ಲರಿಗೂ ಇಂಗ್ಲಿಷ್ ಮೀಡಿಯಂ ಹುಚ್ಚು" ಎನ್ನುತ್ತಾರೆ. ಇನ್ನೊಬ್ಬರು, "ಈಗ ಒಂದೇ ಮಗು ಸಾಕು ಅಂತಾರಲ್ಲ" ಎನ್ನುತ್ತಾರೆ.

ಎರಡೂ ಸುಳ್ಳಲ್ಲ. ಆದರೆ ಮೂರನೆಯ ಕಾರಣವೊಂದಿದೆ, ಅದನ್ನು ನಾವು ಶಾಲೆಯ ಜೊತೆ ಸೇರಿಸಿ ಯೋಚಿಸುವುದೇ ಇಲ್ಲ. ಅದೇ ಮನೆ ಕಟ್ಟುವ ಜಾಗ.

ನಮ್ಮ ಪರಿಚಯದ ಒಂದು ಮನೆಯಲ್ಲಿ ಅಣ್ಣ-ತಮ್ಮಂದಿರಿಗೆ ಹಿಸೆಯಾಯಿತು. ತೋಟ ಎರಡು ಪಾಲಾಯಿತು, ಹಳೇ ಮನೆ ಅಣ್ಣನಿಗೆ ಹೋಯಿತು. ತಮ್ಮ ಈಗ ಹೆಂಡತಿ, ಇಬ್ಬರು ಮಕ್ಕಳೊಡನೆ ಶಿರಸಿಯಲ್ಲಿ ಬಾಡಿಗೆ ಮನೆಯಲ್ಲಿದ್ದಾನೆ. ತೋಟದ ಕೆಲಸಕ್ಕೆ ದಿನಾ ಬೈಕಿನಲ್ಲಿ ಬಂದು ಹೋಗುತ್ತಾನೆ. ಅವನ ಹೆಂಡತಿ ಪೇಟೆಯಲ್ಲಿ ಸಿಕ್ಕಾಗ, "ಊರಲ್ಲೇ ಇಪ್ಪಲಾಗಿತ್ತಲ್ಲೇ" ಎಂದೆ. "ಮನೆ ಕಟ್ಲೆ ಜಾಗ ಇಲ್ಲೆ ಅತ್ತಿಗೆ, ಎಂತ ಮಾಡವು ಹೇಳು?" ಎಂದಳು. ಊರ ಶಾಲೆಯ ಹಾಜರಿಯಲ್ಲಿ ಎರಡು ಹೆಸರು ಕಡಿಮೆಯಾದದ್ದು ಹೀಗೆ.

ಇಷ್ಟು ಬಯಲು, ಬೆಟ್ಟ ಇರುವ ಊರಲ್ಲಿ ಜಾಗವಿಲ್ಲವೇ ಎಂದು ಹೊರಗಿನವರು ಕೇಳಿಯಾರು. ಉತ್ತರ ಕನ್ನಡದ ಸುಮಾರು ಶೇಕಡಾ 80 ಭಾಗ ಅರಣ್ಯವೆಂದೇ ಲೆಕ್ಕ. ತೋಟದ ಮೇಲಿನ ಸೊಪ್ಪಿನ ಬೆಟ್ಟದಲ್ಲಿ ನಮಗಿರುವುದು ಸೊಪ್ಪು, ದರಕು ತರುವ ಹಕ್ಕು, ಮನೆ ಕಟ್ಟುವ ಹಕ್ಕಲ್ಲ. ತೋಟ ಕಡಿದು ಮನೆ ಕಟ್ಟಲು ಯಾರಿಗೆ ಮನಸ್ಸು ಬಂದೀತು?

ಕೂಲಿ ಮಾಡಿ ಬದುಕುವವರ ಪಾಡು ಇನ್ನೂ ಕಷ್ಟ. ಬಸವ ವಸತಿ, 2016ರಲ್ಲಿ ಬಂದ ಪ್ರಧಾನಮಂತ್ರಿ ಆವಾಸ್ ಯೋಜನೆ, ಯಾವುದಾದರೂ ಇರಲಿ, ಮನೆ ಮಂಜೂರಾಗಬೇಕಾದರೆ ಮೊದಲು ಕಾಲ ಕೆಳಗೆ ದಾಖಲೆಯಿರುವ ಜಾಗ ಬೇಕು. ಕಂದಾಯ ಭೂಮಿಯಲ್ಲಿ ಮನೆ ಕಟ್ಟಿಕೊಂಡವರಿಗೆ 94ಸಿ ಅಡಿ ಸಕ್ರಮದ ದಾರಿಯಿದೆ, ಅರಣ್ಯ ಭೂಮಿಗೆ ಅದು ಅನ್ವಯಿಸದು. ಅಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆಯೇ ಗತಿ. ಅದರ ಪ್ರಕಾರ 2005ರ ಡಿಸೆಂಬರ್ 13ಕ್ಕೆ ಮುಂಚೆ ಅಲ್ಲಿ ವಾಸವಿರಬೇಕು. ಬುಡಕಟ್ಟಿನವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷದ ನೆಲೆ ತೋರಿಸಬೇಕು. ಹಳೇ ಮನೆಗೆ ಹಕ್ಕು ಸಿಕ್ಕಿದರೂ ಬೇರೆ ಸಂಸಾರ ಹೂಡುವ ಮಗನಿಗೆ ಹೊಸ ಮನೆಯ ಜಾಗ ಈ ಕಾಯ್ದೆಯಲ್ಲಿಲ್ಲ. ಇದೇ ಕಾಯ್ದೆಯಲ್ಲಿ ಶಾಲೆಗೆ, ಅಂಗನವಾಡಿಗೆ ಗ್ರಾಮಸಭೆಯ ಶಿಫಾರಸಿನ ಮೇಲೆ ಒಂದು ಹೆಕ್ಟೇರಿನೊಳಗೆ ಅರಣ್ಯ ಭೂಮಿ ಕೊಡಲು ಅವಕಾಶವಿದೆ! ಶಾಲೆಗೆ ಜಾಗವುಂಟು, ಶಾಲೆಗೆ ಬರುವ ಮಗುವಿನ ಮನೆಗೆ ಇಲ್ಲ.

ಕಾಡು ಉಳಿಯಬಾರದೆಂದು ನಾನು ಹೇಳುತ್ತಿಲ್ಲ. ಕಾಡಿದ್ದರೇ ನಮ್ಮ ತೋಟಕ್ಕೆ ನೀರು. ಆದರೆ ಅರಣ್ಯಕ್ಕೆ ಸೇರದ ಜಾಗವನ್ನಾದರೂ ಹುಡುಕಿ, ಊರ ಹತ್ತಿರವೇ ನಿವೇಶನ ಮಾಡಿ ಹಂಚಬಹುದಲ್ಲ? ಕಾಲೊನಿಯನ್ನು ಪಂಚಾಯ್ತಿಯ ಒಂದು ಮೂಲೆಗೆ ಹಾಕಿದರೆ ಹಳೇ ಶಾಲೆ ಬರಿದಾಗುತ್ತದೆ, ಹೊಸ ಕಾಲೊನಿಯ ಮಗು ಮಳೆಯಲ್ಲಿ ನೆನೆಯುತ್ತದೆ.

ಎರಡು ಮಕ್ಕಳು ಹೋದರೆ ಏನಾಯಿತು ಎನ್ನಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲಿ 60 ಮಕ್ಕಳವರೆಗೆ ಐದು ಕ್ಲಾಸಿಗೆ ಇಬ್ಬರು ಮಾಸ್ತರರು. ಬಿಸಿಯೂಟಕ್ಕೆ ಕೇಂದ್ರದ ಲೆಕ್ಕದಂತೆ 25 ಮಕ್ಕಳವರೆಗೆ ಒಬ್ಬಳೇ ಅಡುಗೆಯವಳು, 26 ಆದರೆ ಇಬ್ಬರು. ಒಂದು ಮಗು ಊರು ಬಿಟ್ಟಿದ್ದಕ್ಕೆ ಒಬ್ಬ ಹೆಂಗಸಿನ ಸಂಪಾದನೆಯೂ ಹೋಗಬಹುದು. ಮಕ್ಕಳು ಕಡಿಮೆಯೆಂದು ಉಳಿದವರೂ ಪೇಟೆಗೆ ಕಳಿಸುತ್ತಾರೆ. ಕೊನೆಗೆ ಬೀಗ.

ಹಾಗಾದರೆ ನಾವು ಮಾಡಬಹುದಾದ್ದೇನು?

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ಗಂಡಸರು ಹೋಗುತ್ತಾರೆಂದು ನಾವು ಒಲೆಯ ಮುಂದೆ ಕೂರುವುದು ಬೇಡ. ನಿವೇಶನವಿಲ್ಲದವರ ಪಟ್ಟಿಯಲ್ಲಿ ಹೆಸರಿದೆಯೇ, ಊರ ಶಾಲೆಯ ಹತ್ತಿರ ಯಾವ ಜಾಗವಿದೆ ಎಂದು ಎದ್ದು ಕೇಳಿ. ಶಾಲಾ ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರಿರಬೇಕೆಂದು ಕಾಯ್ದೆಯೇ ಹೇಳುತ್ತದೆ. ಬರೀ ಸಹಿ ಹಾಕಿ ಬರಬೇಡಿ. ಊರು ಬಿಟ್ಟ ಸಂಸಾರ ಎಷ್ಟು, ಯಾಕೆ ಬಿಟ್ಟರು ಎಂದು ಬರೆಸಿ.

ಅರಣ್ಯ ಹಕ್ಕಿಗೆ ಅರ್ಜಿ ಹಾಕಿದವರು ಕಾಗದವಿಲ್ಲವೆಂದು ಕೈಚೆಲ್ಲಬೇಡಿ. ಅರ್ಜಿದಾರರಲ್ಲದ ಊರ ಹಿರಿಯರ ಹೇಳಿಕೆಯನ್ನು ಬರೆಸಿಕೊಂಡರೆ ಅದೂ ಒಂದು ಸಾಕ್ಷಿ. ಮದುವೆಯಾದವರಿಗೆ ಹಕ್ಕುಪತ್ರ ಗಂಡ-ಹೆಂಡತಿ ಇಬ್ಬರ ಹೆಸರಲ್ಲೂ ಬರಬೇಕು, ನಿಮ್ಮ ಹೆಸರು ಬಿಡಿಸಬೇಡಿ. ಹಿಸೆಯಾಗುವ ಮನೆಗಳಲ್ಲಿ ತೋಟ ಅಳೆಯುವ ಮೊದಲೇ ಕಿರಿಯವನ ಮನೆಗೆ ನಾಲ್ಕು ಗುಂಟೆ ತೆಗೆದಿಡಿ. ಅತ್ತೆಯಾದವಳು ಹೇಳಿದರೆ ಆ ಮಾತಿಗೆ ಬೆಲೆಯಿದೆ.

ಸಂಜೆ ಶಾಲೆ ಬಿಟ್ಟಾಗ ರಸ್ತೆಯಲ್ಲಿ ಮಕ್ಕಳ ಗಲಾಟೆ ಕೇಳಿದರೆ ನಾನು ಚಾಕ್ಕೆ ನೀರಿಡುವುದು ರೂಢಿ. ಆ ಗಲಾಟೆ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಿದೆ. ನಿಮ್ಮೂರಲ್ಲೂ ಹೀಗೇ ಇದ್ದರೆ, ಮುಂದಿನ ಗ್ರಾಮಸಭೆ ಯಾವಾಗ ಎಂದು ಇವತ್ತೇ ಕೇಳಿಬಿಡಿ.